ಆಕೆಯ ಕಸುಬನ್ನು ಕಸಿದವರು ಯಾರು?

ಒಂದು ಕಡಲ ದಂಡೆ. ಅರುವತ್ತರ ಹತ್ತಿರದ ಹೆಂಗಸೊಬ್ಬರು ವ್ಯಾಸರಾಯರ ‘ಕೃಷ್ಣಾ ನೀ ಬೇಗನೆ ಬಾರೋ’ ಕೀರ್ತನೆಗೆ ಅಭಿನಯಿಸುತ್ತಿದ್ದಾರೆ. ಗಾಳಿ ಜೋರಾಗಿದೆ. ಸೀರೆಯನ್ನು ಅದು ಎಳೆದಾಡುತ್ತಿದ್ದರೂ ಆಕೆಯ ಕಣ್ಣು, ಬೆರಳು, ತುಟಿಯಂಚು ಎಲ್ಲವೂ ಬಾರದ ಮಗುವೊಂದನ್ನು ಕರೆಯುವುದರಲ್ಲೇ ಮುಳುಗಿವೆ. ಹಾಡು ಕನ್ನಡದ್ದು, ನರ್ತಕಿ ತಮಿಳುನಾಡಿನ ಟಿ. ಬಾಲಸರಸ್ವತಿ, ಚಿತ್ರ ತೆಗೆದವರು ಬಂಗಾಳದ ಸತ್ಯಜಿತ್ ರಾಯ್. 1976ರ ‘ಬಾಲ’ ಎಂಬ ಈ ಸಾಕ್ಷ್ಯಚಿತ್ರ ಅರ್ಧ ಗಂಟೆಯ ಆಸುಪಾಸಿನದು. ತಮಿಳುನಾಡು ಸರ್ಕಾರವೂ ಮುಂಬಯಿಯ ರಾಷ್ಟ್ರೀಯ ಪ್ರದರ್ಶನ ಕಲೆಗಳ ಕೇಂದ್ರವೂ ಸೇರಿ ಅದನ್ನು ಮಾಡಿಸಿದವು.

ಇದನ್ನು ಒಬ್ಬ ದೊಡ್ಡ ಕಲಾವಿದೆಯ ಚಿತ್ರವೆಂದೇ ಎಲ್ಲರೂ ನೋಡುತ್ತಾರೆ. ಅದರ ಜೊತೆಗೆ, ಒಂದು ಕಸುಬಿನ ಕೊನೆಯ ತಲೆಮಾರಿನ ಚಿತ್ರವೆಂದೂ ನೋಡಬೇಕು ಎಂಬುದು ನನ್ನ ಮಾತು. ಬಾಲಸರಸ್ವತಿ ಹುಟ್ಟಿದ್ದು 1918ರಲ್ಲಿ, ದೇವದಾಸಿ ಪರಂಪರೆಯ ಮನೆತನದಲ್ಲಿ. ಅಜ್ಜಿ ವೀಣಾ ಧನಮ್ಮಾಳ್. ಜಾರ್ಜ್‌ಟೌನಿನ ಆ ಮನೆಯಲ್ಲಿ ಶುಕ್ರವಾರ ಸಂಜೆ ಅಜ್ಜಿ ವೀಣೆ ನುಡಿಸಿದರೆ ಊರಿನ ಸಂಗೀತಗಾರರೆಲ್ಲ ಬಂದು ಸದ್ದಿಲ್ಲದೆ ಕೂತು ಕೇಳುತ್ತಿದ್ದರು. ತಾಯಿ ಜಯಮ್ಮಾಳ್ ಹಾಡುಗಾರ್ತಿ. ಮೊಮ್ಮಗಳು ಏಳನೆಯ ವಯಸ್ಸಿಗೆ ಕಾಂಚೀಪುರದಲ್ಲಿ ಗೆಜ್ಜೆ ಕಟ್ಟಿದಳು. ಅವಳು ಬೆಳೆಯುವ ಹೊತ್ತಿಗೆ ಹೊರಗಿನ ಗಾಳಿ ಬದಲಾಗಿತ್ತು. ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುವ ಪದ್ಧತಿ ನಿಲ್ಲಬೇಕೆಂದು ಮುತ್ತುಲಕ್ಷ್ಮಿ ರೆಡ್ಡಿಯವರು ಮದರಾಸು ಶಾಸನ ಪರಿಷತ್ತಿನಲ್ಲಿ 1920ರ ದಶಕದಲ್ಲೇ ಹೋರಾಟ ಹೂಡಿದ್ದರು. 1947ರಲ್ಲಿ ಕಾಯಿದೆಯೇ ಬಂತು. ಕಾಯಿದೆ ಬರಬೇಕಾದದ್ದೇ. ಮಗುವನ್ನು ದೇವರ ಹೆಸರಿನಲ್ಲಿ ಬಿಡುವುದನ್ನು ಯಾವ ಕಲೆಯ ಹೆಸರು ಹೇಳಿಯೂ ಒಪ್ಪಲಾಗದು. ಆದರೆ ಪದ್ಧತಿ ಹೋಗುವಾಗ ಆ ಮನೆಗಳ ಹೆಂಗಸರು ತಲೆಮಾರುಗಳಿಂದ ಕಟ್ಟಿಕೊಂಡು ಬಂದಿದ್ದ ವಿದ್ಯೆಯೂ ಅವರ ಕೈತಪ್ಪಿತು. ನೃತ್ಯ ಉಳಿಯಿತು, ಹೊಸ ಹೆಸರು ಪಡೆಯಿತು, ಮೇಲ್ಜಾತಿಯ ಮನೆಗಳ ಹೆಣ್ಣುಮಕ್ಕಳ ಅರಂಗೇಟ್ರಂ ಆಯಿತು. ಅದನ್ನು ಉಳಿಸಿಕೊಂಡು ಬಂದಿದ್ದವರ ಪೈಕಿ ಹೆಚ್ಚಿನವರು ಗೆಜ್ಜೆ ಬಿಚ್ಚಿಟ್ಟರು. ಬಿಚ್ಚಿಡದೆ ಉಳಿದ ಕೆಲವರಲ್ಲಿ ಬಾಲಸರಸ್ವತಿ ಒಬ್ಬರು. 1973ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿ ಸಂಗೀತಗಾರರಿಗೆಂದೇ ಇದ್ದ ಸಂಗೀತ ಕಳಾನಿಧಿ ಬಿರುದನ್ನು ಈ ನರ್ತಕಿಗೆ ಕೊಟ್ಟಿತು.

ರಾಯ್ ಹುಡುಗನಾಗಿದ್ದಾಗ ಕಲ್ಕತ್ತದಲ್ಲಿ ಆಕೆಯ ನೃತ್ಯ ನೋಡಿದ್ದರು. ಚಿತ್ರ ತೆಗೆಯುವ ಆಸೆ ಬಹಳ ಹಿಂದಿನದು. ಕೂಡಿಬಂದದ್ದು ಮಾತ್ರ ತಡವಾಗಿ. ತಾರುಣ್ಯದ ಬಾಲಸರಸ್ವತಿ ಕುಣಿಯುವ ಪೂರ್ಣ ಚಿತ್ರವೊಂದು ನಮಗೆ ಸಿಗಲೇ ಇಲ್ಲ. ಏನೂ ಇಲ್ಲದಿರುವುದಕ್ಕಿಂತ ಈ ವಯಸ್ಸಿನಲ್ಲಾದರೂ ಆಕೆಯನ್ನು ಹಿಡಿದಿಟ್ಟದ್ದು ಮೇಲು ಎಂಬ ಅರ್ಥದ ಮಾತನ್ನು ರಾಯ್ ಅವರೇ ಆಡಿದ್ದಾರೆ. 1984ರಲ್ಲಿ ಬಾಲಸರಸ್ವತಿ ತೀರಿಕೊಂಡರು.

ಹೆಂಗಸರ ಅಪರೂಪದ ಕಸುಬುಗಳನ್ನು ಕುರಿತ ಸಾಕ್ಷ್ಯಚಿತ್ರಗಳನ್ನು ಚೆನ್ನೈಯಲ್ಲಿ ಕೂತು ನೋಡುವಾಗೆಲ್ಲ ಈ ಚಿತ್ರ ಎತ್ತಿದ ಪ್ರಶ್ನೆಯೇ ಮತ್ತೆ ಮುಂದೆ ನಿಲ್ಲುತ್ತದೆ. ಕಣ್ಮರೆಯಾಗುತ್ತಿದೆ ಎಂದು ನಾವು ಹೇಳುವ ಕಸುಬು ತಾನಾಗಿ ಹೋಗುತ್ತಿದೆಯೇ, ಯಾರಾದರೂ ಕಸಿಯುತ್ತಿದ್ದಾರೆಯೇ, ಅಥವಾ ಆಕೆಯೇ ಅದನ್ನು ಬಿಟ್ಟು ಹೋಗಲು ಕಾಯುತ್ತಿದ್ದಾಳೆಯೇ? ಈ ಮೂರರ ವ್ಯತ್ಯಾಸ ತೋರಿಸದ ಚಿತ್ರ ಎಷ್ಟೇ ಚೆಂದವಾಗಿದ್ದರೂ ಅಪೂರ್ಣ.

ಕವಿ, ಚಿತ್ರನಿರ್ದೇಶಕಿ ಲೀನಾ ಮಣಿಮೇಕಲೈ ಅವರ ‘ದೇವತೈಗಳ್’ ಈ ಜಾತಿಯ ಚಿತ್ರಗಳಲ್ಲಿ ನನಗೆ ಬಹಳ ಮುಖ್ಯವೆನಿಸಿದ್ದು. 2008ರ ಮುಂಬಯಿ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಅದಕ್ಕೆ ಚಿನ್ನದ ಶಂಖ ಬಂತು. ಚಿತ್ರದಲ್ಲಿ ಮೂವರು ಹೆಂಗಸರಿದ್ದಾರೆ. ಒಬ್ಬಾಕೆ ಸಾವಿನ ಮನೆಯಲ್ಲಿ ಒಪ್ಪಾರಿ ಹಾಡುವವಳು. ಒಬ್ಬಾಕೆ ಕಡಲಿಗಿಳಿದು ಮೀನು ಹಿಡಿಯುವವಳು. ಇನ್ನೊಬ್ಬಾಕೆ ವಾರಸುದಾರರಿಲ್ಲದ ಹೆಣಗಳನ್ನು ತಂದು ಗುಂಡಿ ತೋಡಿ ಮಣ್ಣು ಮಾಡುವವಳು. ಮೂರೂ ಹೆಣ್ಣು ಮಾಡಬಾರದ ಕೆಲಸ ಎಂದು ಊರು ಹೇಳುವಂಥವು, ಇಲ್ಲವೇ ಮಾಡಿದರೂ ಮರ್ಯಾದೆ ಕೊಡದಂಥವು.

ಒಪ್ಪಾರಿ ಎಂದರೆ ಸತ್ತವರ ಗುಣಗಳನ್ನು ಎತ್ತಿ ಎತ್ತಿ ಹಾಡಿ ಅಳುವುದು. ನಮ್ಮ ಹಳ್ಳಿಗಳಲ್ಲೂ ಹಾಗೆ ಹಾಡಾಡಿಕೊಂಡು ಅಳುವ ಅಜ್ಜಿಯರಿದ್ದರು. ಅವರು ಅಳುತ್ತಿದ್ದದ್ದು ತಮ್ಮವರಿಗಾಗಿ. ತಮಿಳುನಾಡಿನಲ್ಲಿ ಅದನ್ನೇ ಕಸುಬಾಗಿ ಮಾಡಿಕೊಂಡವರಿದ್ದಾರೆ. ಕರೆ ಬಂದರೆ ಹೋಗಬೇಕು, ಗುರುತೇ ಇಲ್ಲದ ಹೆಣದ ಮುಂದೆ ಕೂರಬೇಕು, ಸತ್ತವರು ತಾಯಿಯೋ ಗಂಡನೋ ಎಳೆಯ ಮಗನೋ ಎಂದು ಕೇಳಿ ತಿಳಿದು ಅದಕ್ಕೆ ತಕ್ಕ ಪದ ಅಲ್ಲೇ ಕಟ್ಟಬೇಕು. ಮನೆಯವರು ಅಳಲಾರದೆ ಕಲ್ಲಾಗಿ ಕೂತಿದ್ದರೆ ಅವರ ಕಣ್ಣಲ್ಲಿ ನೀರು ತರಿಸುವುದೂ ಆಕೆಯ ಕೆಲಸವೇ. ಇದು ಸಣ್ಣ ವಿದ್ಯೆಯಲ್ಲ. ರಾಗ, ಪ್ರಾಸ, ನೆನಪು, ಎದುರಿಗಿರುವವರ ಮುಖ ಓದುವ ಶಕ್ತಿ, ತನ್ನ ದುಃಖವನ್ನು ಬೇರೆಯವರ ದುಃಖಕ್ಕೆ ಸಾಲ ಕೊಡುವ ಎದೆಗಾರಿಕೆ, ಎಲ್ಲವೂ ಬೇಕು. ಉತ್ತರ ಚೆನ್ನೈಯ ಗಾನಾ ಹಾಡುಗಾರರು ಸಾವಿನ ಮನೆಯಿಂದಲೇ ಬೆಳೆದು ಸಿನಿಮಾವರೆಗೆ ಹೋದರು. ಒಪ್ಪಾರಿಯ ಹೆಂಗಸರಿಗೆ ಆ ದಾರಿ ತೆರೆಯಲಿಲ್ಲ. ಈಗ ಒಪ್ಪಾರಿ ಫೋನಿನಲ್ಲೇ ಸಿಗುತ್ತದೆ. ಆದರೆ ಫೋನಿನ ಒಪ್ಪಾರಿಗೆ ಸತ್ತವರ ಹೆಸರು ಗೊತ್ತಿಲ್ಲ.

ಈ ಚಿತ್ರದ ಹೆಚ್ಚುಗಾರಿಕೆ ಇರುವುದು ಮೂವರಲ್ಲಿ ಒಬ್ಬರನ್ನೂ ಅದು ‘ಪಾಪ’ ಎಂದು ನೋಡದಿರುವುದರಲ್ಲಿ. ಹೆಣ ಹೂಳುವ ಕೆಲಸದಲ್ಲಿ ಜಾತಿಯ ಭಾರವಿದೆ, ಬಡತನವಿದೆ, ವಾಸನೆಯಿದೆ, ಅದನ್ನು ಮುಚ್ಚಿಟ್ಟಿಲ್ಲ. ಜೊತೆಗೇ, ಯಾರೂ ದಿಕ್ಕಿಲ್ಲದ ಹೆಣಕ್ಕೆ ಒಬ್ಬರಾದರೂ ಆಗಬೇಕಲ್ಲ ಎಂಬ ಆಕೆಯ ಹಟವೂ ಕಾಣುತ್ತದೆ. ನೋಡುವವರಿಗೆ ಮರುಕ ಪಟ್ಟು ಎದ್ದುಹೋಗಲು ಬಿಡದಿರುವ ಗುಣ ಅದು. ಮುಂದೆ 2014ರ ಹೊತ್ತಿಗೆ ಚೆನ್ನೈಯ ಕೀಳ್ಪಾಕ್ಕಂ ಬಳಿಯ ವೇಲಂಗಾಡು ಸ್ಮಶಾನದ ನಿರ್ವಹಣೆಯನ್ನು ಹೆಂಗಸರೇ ವಹಿಸಿಕೊಂಡು ಸುದ್ದಿಯಾದರು. ಅಂಥದ್ದೊಂದು ನಡೆಯಬಹುದೆಂದು ಊರು ಊಹಿಸುವ ಮೊದಲೇ ಈ ಚಿತ್ರ ಆ ಬದುಕನ್ನು ತೋರಿಸಿತ್ತು.

ಆದರೆ ಎಲ್ಲ ಕಸುಬಿಗೂ ಇದೇ ಕಣ್ಣು ಸಲ್ಲದು. ಮಧುರೈಯಿಂದ ಬಂದ ಆರ್.ಪಿ. ಅಮುದನ್ 2003ರಲ್ಲಿ ‘ಪೀ’ ಎಂಬ ಕಿರುಚಿತ್ರ ಮಾಡಿದರು. ಮಧುರೈಯ ಒಂದು ಬೀದಿ, ಆ ಬೀದಿಯಲ್ಲಿ ಜನ ಮಾಡಿದ ಮಲವನ್ನು ದಿನವೂ ಬಳಿಯುವ ಒಬ್ಬ ಪೌರಕಾರ್ಮಿಕ ಮಹಿಳೆ, ಅಷ್ಟೇ ವಸ್ತು. ಕ್ಯಾಮೆರಾ ಕಣ್ಣು ತಿರುಗಿಸುವುದಿಲ್ಲ. ನಮಗೆ ತಿರುಗಿಸಬೇಕೆನಿಸುತ್ತದೆ. ಮಲ ಬಳಿಸುವುದನ್ನು 1993ರ ಕಾಯಿದೆಯೇ ನಿಷೇಧಿಸಿತ್ತು. ಚಿತ್ರ ಬಂದು ಹತ್ತು ವರ್ಷಕ್ಕೆ, 2013ರಲ್ಲಿ, ಇನ್ನೂ ಬಿಗಿಯಾದ ಕಾಯಿದೆ ಮಾಡಬೇಕಾಯಿತು. ಅದಾದ ಮೇಲೂ 2017ರಲ್ಲಿ ದಿವ್ಯಭಾರತಿಯವರು ತಮಿಳುನಾಡಿನ ಊರೂರು ಸುತ್ತಿ ‘ಕಕ್ಕೂಸ್’ ತೆಗೆದಾಗ ದೃಶ್ಯ ಬದಲಾಗಿರಲಿಲ್ಲ. ಇಂಥ ಚಿತ್ರದಲ್ಲಿ ಆಕೆಯ ಕೈಚಳಕ ಹೊಗಳಿದರೆ ಅದು ಅನ್ಯಾಯ. ಇಲ್ಲಿ ಕ್ಯಾಮೆರಾ ಕೇಳಬೇಕಾದದ್ದು ಒಂದೇ: ಇದು ಇನ್ನೂ ಯಾಕೆ ಹೋಗಿಲ್ಲ? ಒಪ್ಪಾರಿ ಹೋಗುತ್ತಿದೆ, ಇದು ಉಳಿದಿದೆ. ಕಾಲವೇ ಎಲ್ಲವನ್ನೂ ಅಳಿಸುತ್ತದೆ ಎನ್ನುವವರು ‘ದೇವತೈಗಳ್’, ‘ಪೀ’ ಎರಡನ್ನೂ ಒಂದೇ ಸಂಜೆ ನೋಡಬೇಕು.

ಅಮುದನ್ ಅವರ ‘ಮರುಪಕ್ಕಂ’ ಬಳಗ ಮಧುರೈಯಲ್ಲಿ 1998ರಿಂದ ಸಾಕ್ಷ್ಯಚಿತ್ರೋತ್ಸವ ನಡೆಸಿಕೊಂಡು ಬಂದಿದೆ, ಚೆನ್ನೈಯಲ್ಲೂ ನಡೆಸುತ್ತದೆ. ಸಿನಿಮಾ ಎಂದರೆ ಕಟೌಟು, ಹಾಲಿನ ಅಭಿಷೇಕ ಎಂದು ಹೆಸರಾದ ಊರಿನಲ್ಲಿ ಟಿಕೇಟಿಲ್ಲದ ಸಣ್ಣ ಸಭಾಂಗಣಗಳಲ್ಲಿ ಇಂಥ ಚಿತ್ರಗಳನ್ನು ತೋರಿಸಿ, ಮುಗಿದ ಮೇಲೆ ಜಗಳವಾಡುವಷ್ಟು ಚರ್ಚೆ ನಡೆಸುವ ಮಂದಿ ಇದ್ದಾರೆ. ಬೆಂಗಳೂರಿನಿಂದ ಹೋದವರು ಒಮ್ಮೆ ಈ ಕಡೆಗೂ ಬಿಡುವು ಮಾಡಿಕೊಳ್ಳಲಿ.

ಚೆನ್ನೈಯಲ್ಲೇ ಇರುವ, ಚೆನ್ನೈಯವರೇ ಹೆಚ್ಚಾಗಿ ಕಾಣದ ಕಸುಬೊಂದಿದೆ. ನಗರದ ಉತ್ತರದ ಅಂಚಿನಲ್ಲಿ ಕೊಸಸ್ತಲೈಯಾರ್ ನದಿ ಎಣ್ಣೂರಿನ ಅಳಿವೆಯಲ್ಲಿ ಕಡಲು ಸೇರುತ್ತದೆ. ಬಕಿಂಗ್‌ಹ್ಯಾಂ ಕಾಲುವೆಯೂ ಅಲ್ಲೇ ಕೂಡುತ್ತದೆ. ಉಪ್ಪು ನೀರು, ಸಿಹಿ ನೀರು ಬೆರೆಯುವ ಆ ಹಿನ್ನೀರಿನಲ್ಲಿ ಇರುಳರ್ ಸಮುದಾಯದ ಹೆಂಗಸರು ಬರಿಗೈಯಲ್ಲಿ ಸೀಗಡಿ ಹಿಡಿಯುತ್ತಾರೆ. ನಮ್ಮ ರಾಮನಗರ ಸೀಮೆಯ ಇರುಳಿಗರನ್ನು ಬಲ್ಲವರಿಗೆ ಹೆಸರು ಹೊಸದಲ್ಲ. ಇವರಿಗೆ ದೋಣಿಯಿಲ್ಲ, ಬಲೆಯಿಲ್ಲ. ಎದೆಮಟ್ಟದ ನೀರಿಗಿಳಿದು, ಕೆಸರಿನಲ್ಲಿ ಎರಡೂ ಕೈಯಾಡಿಸಿ, ಬೆರಳ ತುದಿಗೆ ತಾಗಿದ ಮಿಸುಕನ್ನು ತಕ್ಷಣ ಅದುಮಿ ಹಿಡಿಯಬೇಕು. ಎರಡು ಕೈಯೂ ಕೆಲಸದಲ್ಲಿರುವುದರಿಂದ ತಾಳೆಗರಿಯ ಬುಟ್ಟಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿರುತ್ತಾರೆ. ನೀರು ಏರುವುದು ಇಳಿಯುವುದು ಯಾವಾಗ, ಸೀಗಡಿ ಯಾವ ಮಗ್ಗುಲಿಗೆ ಸರಿಯುತ್ತದೆ ಎಂಬ ಲೆಕ್ಕವೆಲ್ಲ ಮೈಯಲ್ಲೇ ಇರುತ್ತದೆ. ಬೆಳಿಗ್ಗೆ ಇಳಿದವರು ಗಂಟೆಗಟ್ಟಲೆ ನೀರಲ್ಲೇ. ಸೀಗಡಿಯ ಮುಳ್ಳು, ಚಿಪ್ಪಿನ ಅಂಚು ತಾಗಿ ಬೆರಳೆಲ್ಲ ಗಾಯ.

ಈ ಕಸುಬನ್ನು ಹೊರಗಿನವರ ಕಣ್ಣಿಗೆ ತಂದವರಲ್ಲಿ ಮುಖ್ಯರು ಎಂ. ಪಳನಿ ಕುಮಾರ್. ‘ಕಕ್ಕೂಸ್’ ಚಿತ್ರಕ್ಕೆ ಛಾಯಾಗ್ರಾಹಕರಾಗಿದ್ದವರು, ಗ್ರಾಮೀಣ ಭಾರತವನ್ನು ದಾಖಲಿಸಲು ಪತ್ರಕರ್ತ ಪಿ. ಸಾಯಿನಾಥ್ ಸ್ಥಾಪಿಸಿದ ‘ಪರಿ’ ಬಳಗದಲ್ಲಿ ದುಡಿದವರು. ಅವರ ತಾಯಿ ಮಧುರೈಯ ಮೀನು ಮಾರುಕಟ್ಟೆಯಲ್ಲಿ ಮೀನು ಮಾರಿ ಮಕ್ಕಳನ್ನು ಸಾಕಿದವರು. ಮಗ ಕ್ಯಾಮೆರಾ ಕೊಂಡ ಮೇಲೆ ತಾಯಿಯ ದುಡಿಮೆಯನ್ನೂ ಚಿತ್ರಗಳಲ್ಲಿ ಹಿಡಿದಿದ್ದಾರೆ. ಅವರ ಚಿತ್ರಗಳಲ್ಲಿ ಹೆಂಗಸರ ಮೈಯ ದಣಿವು ಅಷ್ಟು ನಿಖರವಾಗಿ ಕಾಣುವುದಕ್ಕೆ ಇದೂ ಒಂದು ಕಾರಣವಿರಬೇಕು ಎಂದು ನಾನು ನಂಬುತ್ತೇನೆ. ಆ ದಣಿವನ್ನು ಅವರು ಮನೆಯಲ್ಲೇ ನೋಡಿ ಬೆಳೆದವರು.

ಎಣ್ಣೂರಿನ ಈ ಕಸುಬು ಹಳೆಯದಾಗಿ ಸವೆದು ಹೋಗುತ್ತಿಲ್ಲ. ಸೀಗಡಿಗೆ ಬೇಡಿಕೆ ಇದ್ದೇ ಇದೆ, ಹಿಡಿಯಬಲ್ಲ ಕೈಗಳೂ ಇವೆ. ಕೆಟ್ಟಿರುವುದು ನೀರು. ಉತ್ತರ ಚೆನ್ನೈ ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿ ಕೊಳವೆಗಳಿಂದ ಸೋರಿ ವರ್ಷಗಟ್ಟಲೆ ನದಿಯ ತಳ ಸೇರಿದೆ. ಬಂದರು, ಕಾರ್ಖಾನೆಗಳು ಅಳಿವೆಯನ್ನು ಒತ್ತರಿಸಿವೆ. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತದ ನೆರೆಯ ಜೊತೆಗೆ ಮಣಲಿಯ ಕಡೆಯಿಂದ ಎಣ್ಣೆ ಹರಿದು ಬಂದು ಅಳಿವೆಯ ಮೇಲೆಲ್ಲ ಕಪ್ಪು ಹೊದಿಕೆ ಹಾಸಿತು. ಬೆಸ್ತರೇ ಬಕೆಟು ಹಿಡಿದು ಎಣ್ಣೆ ಎತ್ತಿದರು. 2017ರ ಆರಂಭದಲ್ಲಿ ಸಂಗೀತಗಾರ ಟಿ.ಎಂ. ಕೃಷ್ಣ ಇದೇ ಎಣ್ಣೂರಿನ ಬೂದಿಗುಡ್ಡೆಗಳ ನಡುವೆ ನಿಂತು ‘ಚೆನ್ನೈ ಪೊರಂಬೋಕ್’ ಹಾಡಿದ್ದರು. ಆ ಹಾಡಿನಿಂದ ಊರಿಗೆ ಜಾಗದ ಹೆಸರು ತಿಳಿಯಿತು. ಆದರೆ ನೀರಿನೊಳಗೆ ಬುಟ್ಟಿ ಕಚ್ಚಿ ನಿಂತ ಹೆಂಗಸು ಎಷ್ಟು ಜನರ ಕಣ್ಣಿಗೆ ಬಿದ್ದಳು?

ಆಕೆ ಕಾಣದಿರುವುದಕ್ಕೆ ಕಾರಣ ಹಳೆಯದೇ. ಮೀನುಗಾರ ಎಂದರೆ ದೋಣಿ, ಬಲೆ ಇರುವ ಗಂಡಸು ಎಂದು ನಾವೂ ತಿಳಿದಿದ್ದೇವೆ, ಕಡತಗಳೂ ತಿಳಿದಿವೆ. ಹೆಂಗಸು ಮಾಡಿದರೆ ಅದು ‘ಮನೆಯವರಿಗೆ ಕೈಜೋಡಿಸುವುದು’. ಸಾಯಿನಾಥ್ 1993ರಿಂದ 2002ರವರೆಗೆ ದೇಶ ಸುತ್ತುತ್ತ ತೆಗೆದ ಚಿತ್ರಗಳ ಪ್ರದರ್ಶನಕ್ಕೆ ಕಾಣುವ ದುಡಿಮೆ, ಕಾಣದ ಹೆಂಗಸರು ಎಂಬರ್ಥದ ಹೆಸರಿಟ್ಟದ್ದು ಇದೇ ಕಾರಣಕ್ಕೆ. ರಾಮೇಶ್ವರದ ಬಳಿ ಮನ್ನಾರ್ ಕೊಲ್ಲಿಯಲ್ಲಿ ಸೀರೆಯ ಮೇಲೆ ಅಂಗಿ ತೊಟ್ಟು, ಬೆರಳಿಗೆ ಬಟ್ಟೆ ಸುತ್ತಿಕೊಂಡು, ಉಸಿರು ಬಿಗಿಹಿಡಿದು ಮುಳುಗಿ ಕಡಲಪಾಚಿ ಕೀಳುವ ಹೆಂಗಸರದೂ ಇದೇ ಕತೆ. ಆ ಜಾಗ 1986ರಲ್ಲಿ ಕಡಲ ರಾಷ್ಟ್ರೀಯ ಉದ್ಯಾನವಾಯಿತು. ತಲೆಮಾರುಗಳಿಂದ ಮುಳುಗುತ್ತಿದ್ದ ಹೆಂಗಸರು ಕಾನೂನಿನ ಕಣ್ಣಿನಲ್ಲಿ ಅತಿಕ್ರಮಣಕಾರರಾದರು. ಕೊರಿಯಾದ ಜೇಜು ದ್ವೀಪದಲ್ಲಿ ಹೀಗೆಯೇ ಮುಳುಗುವ ಹೇನ್ಯೊ ಹೆಂಗಸರ ಪರಂಪರೆಯನ್ನು ಯುನೆಸ್ಕೊ 2016ರಲ್ಲಿ ತನ್ನ ಪಟ್ಟಿಗೆ ಸೇರಿಸಿಕೊಂಡಿತು. ಅವರನ್ನು ಕುರಿತು 2024ರಲ್ಲಿ ಸೂ ಕಿಮ್ ಮಾಡಿದ ಸಾಕ್ಷ್ಯಚಿತ್ರ ಜಗತ್ತಿನಾದ್ಯಂತ ಓಡಾಡಿತು. ಉಸಿರು ಹಿಡಿಯುವ ವಿದ್ಯೆ ಎರಡೂ ಕಡೆ ಒಂದೇ. ಒಂದು ಕಡೆ ಅದು ಪರಂಪರೆ, ಇನ್ನೊಂದು ಕಡೆ ದಂಡ ಕಟ್ಟಬೇಕಾದ ತಪ್ಪು.

ಚಿತ್ರ ಓಡಾಡಿದರೆ ಆಕೆಗೇನು ಬಂತು ಎಂಬುದನ್ನೂ ಕೇಳದೆ ಬಿಡಲಾಗದು. ಮುದುಮಲೈ ಕಾಡಿನ ತೆಪ್ಪಕಾಡು ಶಿಬಿರದಲ್ಲಿ ತಬ್ಬಲಿ ಆನೆಮರಿಗಳನ್ನು ಸಾಕಿದ ಬೊಮ್ಮನ್ ಮತ್ತು ಬೆಳ್ಳಿ ಎಲ್ಲರಿಗೂ ಗೊತ್ತು. ಬಂಡೀಪುರಕ್ಕೆ ಅಂಟಿಕೊಂಡ ಕಾಡು ಅದು, ಅವರ ಕಾಟ್ಟುನಾಯಕ ಸಮುದಾಯದ ನುಡಿ ಕನ್ನಡಕ್ಕೆ ಬಹಳ ಹತ್ತಿರದ್ದು. ಕಾರ್ತಿಕಿ ಗೊನ್ಸಾಲ್ವಿಸ್ ಅವರ ಬದುಕನ್ನು ಕುರಿತು ಮಾಡಿದ ‘ದಿ ಎಲಿಫೆಂಟ್ ವಿಸ್ಪರರ್ಸ್’ 2023ರ ಮಾರ್ಚಿನಲ್ಲಿ ಆಸ್ಕರ್ ಗೆದ್ದಿತು. ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ ಇಬ್ಬರನ್ನೂ ಚೆನ್ನೈಗೆ ಕರೆಸಿ ತಲಾ ಒಂದು ಲಕ್ಷ ರೂಪಾಯಿ ಕೊಟ್ಟರು. ಅದೇ ವರ್ಷ ಬೆಳ್ಳಿ ಸರ್ಕಾರಿ ಆನೆ ಶಿಬಿರದಲ್ಲಿ ಕಾವಾಡಿಯಾಗಿ ನೇಮಕವಾದ ತಮಿಳುನಾಡಿನ ಮೊದಲ ಮಹಿಳೆಯಾದರು. ಕೆಲವೇ ತಿಂಗಳಲ್ಲಿ ಹಣದ ವಿಚಾರವಾಗಿ ತಕರಾರು ಎದ್ದು ನಿರ್ಮಾಪಕರಿಗೆ ನೋಟಿಸು ಹೋಯಿತು. ನಿರ್ಮಾಪಕರು ಆರೋಪ ಅಲ್ಲಗಳೆದರು. ಸರಿ ಯಾರದು ಎಂದು ತೀರ್ಪು ಕೊಡುವುದು ನನ್ನ ಕೆಲಸವಲ್ಲ. ಆದರೆ ಒಬ್ಬಾಕೆಯ ಬದುಕನ್ನೇ ಬಂಡವಾಳ ಮಾಡಿಕೊಂಡು ಚಿತ್ರ ಮಾಡುವಾಗ ಆಕೆಗೆ ಸಿಗುವ ಪಾಲೇನು ಎಂಬುದು ಮೊದಲ ದಿನವೇ, ಆಕೆಯ ನುಡಿಯಲ್ಲೇ, ಬರವಣಿಗೆಯಲ್ಲಿ ಇರಬೇಕು. ಇದೂ ಚಿತ್ರ ಮಾಡುವ ಕಲೆಯ ಭಾಗವೇ.

ಈ ಮರ್ಯಾದೆಯನ್ನು ಬಹಳ ಹಿಂದೆಯೇ ಪಾಲಿಸಿದ ಬಳಗವೊಂದು ನಮ್ಮ ಬೆಂಗಳೂರಿನಲ್ಲಿತ್ತು. ದೀಪಾ ಧನರಾಜ್, ಆಭಾ ಭಯ್ಯಾ, ಮೀರಾ ರಾವ್, ನವರೋಜ್ ಕಾಂಟ್ರಾಕ್ಟರ್ ಸೇರಿ 1980ರಲ್ಲಿ ಕಟ್ಟಿದ ‘ಯುಗಾಂತರ್’. ಅವರ 1982ರ ಚಿತ್ರ ‘ತಂಬಾಕು ಚಾಕಿಲಾ ಊಬ್ ಆಲಿ’ ನಡೆಯುವುದು ಬೆಳಗಾವಿ ಜಿಲ್ಲೆಯ ಗಡಿಯೂರು ನಿಪ್ಪಾಣಿಯಲ್ಲಿ, ತಂಬಾಕಿನ ಘಾಟು ದೂಳಿನ ನಡುವೆ ದುಡಿಯುವ ಹೆಂಗಸರ ನಡುವೆ. ಮಾತು ಮರಾಠಿ, ಊರು ಕರ್ನಾಟಕ. ಆ ಹೆಂಗಸರ ಜೊತೆ ಇದ್ದು, ಏನು ತೋರಿಸಬೇಕು ಎಂಬುದನ್ನು ಅವರ ಜೊತೆ ಕೂತೇ ತೀರ್ಮಾನಿಸಿ ತೆಗೆದ ಚಿತ್ರವದು. ಅವರು ಕೆಮ್ಮುವುದನ್ನಷ್ಟೇ ತೋರಿಸಿ ಬಿಟ್ಟಿಲ್ಲ. ಒಟ್ಟಾಗಿ ಸಂಘ ಕಟ್ಟುವುದನ್ನು, ಮಾಲೀಕರೆದುರು ನಿಲ್ಲುವುದನ್ನು ತೋರಿಸಿದ್ದಾರೆ.

ಅಂಥ ಕಣ್ಣು ಇಟ್ಟುಕೊಂಡು ಕನ್ನಡನಾಡಿನಲ್ಲಿ ಈಗಲೇ ಚಿತ್ರಿಸಬೇಕಾದದ್ದು ಬೇಕಾದಷ್ಟಿದೆ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ತೊಂಬತ್ತು ದಾಟಿದ ಮೇಲೆ, 2025ರಲ್ಲಿ, ಪದ್ಮಶ್ರೀ ಬಂತು. ತೊಗಲುಗೊಂಬೆಯಾಟದಲ್ಲಿ ಪರದೆಯ ಹಿಂದೆ ಗೊಂಬೆ ಆಡಿಸುತ್ತಲೇ ಹಾಡಬೇಕು, ಪಾತ್ರಕ್ಕೊಂದು ದನಿ ತೆಗೆಯಬೇಕು. ಮುಂದೆ ಕೂತವರಿಗೆ ಕಾಣುವುದು ನೆರಳು ಮಾತ್ರ. ಚೆನ್ನೈಯ ಆರ್.ವಿ. ರಮಣಿ ‘ನೀ ಎಂಗೇ’ ಎಂಬ ಚಿತ್ರಕ್ಕಾಗಿ ದಕ್ಷಿಣದ ರಾಜ್ಯಗಳ ತೊಗಲುಗೊಂಬೆಯವರನ್ನು ಹುಡುಕಿಕೊಂಡು ಹೋಗಿದ್ದರು. ಪರದೆಯ ಹಿಂಬದಿಯಲ್ಲಿ ಹೆಂಗಸರ ಕೈ ಮತ್ತು ಕಂಠ ಮಾಡುವ ಕೆಲಸವನ್ನೇ ಹಿಡಿದು ಇಡೀ ಚಿತ್ರವೊಂದು ಕನ್ನಡದಲ್ಲಿ ಬರಬೇಕು.

ಇನ್ನೊಂದು, ನನ್ನ ಮನಸ್ಸಿನಲ್ಲಿ ಎಲ್ಲಕ್ಕಿಂತ ಮೊದಲಿನದು, ಸೂಲಗಿತ್ತಿಯರದು. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಎಪ್ಪತ್ತು ವರ್ಷ, ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು, ಕಾಸು ಮುಟ್ಟದೆ. 2018ರಲ್ಲಿ ಪದ್ಮಶ್ರೀ ಪಡೆದು ಅದೇ ವರ್ಷದ ಡಿಸೆಂಬರಿನಲ್ಲಿ ಹೋಗಿಬಿಟ್ಟರು. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂದ ಮೇಲೆ ಹೆರಿಗೆ ಆಸ್ಪತ್ರೆಗೆ ಹೋಯಿತು. ಹೋಗಬೇಕಾದದ್ದೇ, ರಕ್ತಸ್ರಾವಕ್ಕೆ, ನಂಜಿಗೆ ಬಲಿಯಾಗುತ್ತಿದ್ದ ಬಾಣಂತಿಯರು ಉಳಿಯಬೇಕು. ಆದರೆ ಹೊಟ್ಟೆಯ ಮೇಲೆ ಅಂಗೈಯಿಟ್ಟು ಮಗುವಿನ ತಲೆ ಎಲ್ಲಿದೆ, ಯಾವ ಕಡೆ ತಿರುಗಿದೆ ಎಂದು ಹೇಳುತ್ತಿದ್ದ ವಿದ್ಯೆಯನ್ನು, ನೋವಿನಲ್ಲಿ ಕೂಗುವ ಹುಡುಗಿಯನ್ನು ಗದರದೆ ಸಂತೈಸುವ ರೀತಿಯನ್ನು ಸೂಲಗಿತ್ತಿಯರಿಂದ ಆಸ್ಪತ್ರೆಯ ದಾದಿಯರಿಗೆ ಯಾರೂ ಹೇಳಿಸಿಕೊಡಲಿಲ್ಲ. ಮುತ್ತು ಕಟ್ಟುವುದು ನಿಂತಾಗ ಬಾಲಸರಸ್ವತಿಯವರ ಮನೆತನಗಳ ವಿದ್ಯೆಗೆ ಆದದ್ದೇ ಇಲ್ಲೂ ಆಯಿತು. ಪಾವಗಡ, ಮಧುಗಿರಿ, ಮೊಳಕಾಲ್ಮೂರಿನ ಊರುಗಳಲ್ಲಿ ಹೆರಿಗೆ ಮಾಡಿಸಿದ ಹಿರಿಯರು ಇನ್ನೂ ಇದ್ದಾರೆ. ಹಿನ್ನೆಲೆ ಸಂಗೀತ ಹಾಕದೆ, ನಡುನಡುವೆ ಕತ್ತರಿಸದೆ, ಅವರ ಎರಡು ಕೈಗಳನ್ನು ಮತ್ತು ಅವರು ಹೇಳುವ ಪ್ರತಿ ಮಾತನ್ನು ಚಿತ್ರಿಸಿಕೊಂಡು, ಒಂದು ಪ್ರತಿಯನ್ನು ಹತ್ತಿರದ ದಾದಿಯರ ಶಾಲೆಗೆ, ಇನ್ನೊಂದನ್ನು ಅವರ ಮನೆಗೇ ಕೊಡುವ ತಂಡವೊಂದು ಈ ಬೇಸಿಗೆಯಲ್ಲೇ ಹೊರಡಬಹುದು.